ಕೆನೆ ಬಣ್ಣದ ಗೋಡೆ, ಹಸಿರು ಕನ್ನಡಕ

"ಬಣ್ಣದ ಚಿಂತೆ ನನಗೆ ಬಿಡು. ನೀನು ಬರೋ ಹೊತ್ತಿಗೆ ನಡುಮನೆ ಅರಮನೆ ಆಗಿರುತ್ತೆ."

ತತ್ವಶಾಸ್ತ್ರದ ಮೇಷ್ಟ್ರು ಎದೆಯುಬ್ಬಿಸಿ ಹೀಗೆಂದಾಗ, ಅವರ ಹೆಂಡತಿ ಮೂರು ದಿನದ ತರಬೇತಿಗೆಂದು ಪರವೂರಿಗೆ ಹೊರಟು ನಿಂತಿದ್ದಳು. ಕಳೆದ ಸಲ ಬಂದಿದ್ದ ಅವಳ ಅಕ್ಕ ಗೋಡೆ ನೋಡಿ, "ಇದೇನೇ, ಗೋಡೌನ್ ಇದ್ದಹಾಗಿದೆ" ಎಂದದ್ದು ಆಕೆಯನ್ನು ಇನ್ನೂ ಚುಚ್ಚುತ್ತಿತ್ತು. ಅದೇ ಅಕ್ಕ ಭಾನುವಾರ ಮತ್ತೆ ಬರುವವಳಿದ್ದಳು.

"ರೀ, ಕೆನೆ ಬಣ್ಣ. ಮಾದರಿ ಚೀಟಿ ಪೇಂಟರ್ ಹತ್ರ ಇದೆ."

"ಚೀಟಿ ಯಾಕೆ? ಕೆನೆ ಬಣ್ಣ ನನ್ನ ಮನಸ್ಸಿನಲ್ಲೇ ಇದೆ."

ಮನಸ್ಸಿನಲ್ಲಿ ಸೋಮವಾರದ ಪಾಠವೂ ಇತ್ತು. ಲೋಕ ಇದ್ದ ಹಾಗೆ ನಮಗೆ ಕಾಣುವುದಿಲ್ಲ, ನಮ್ಮ ಮನಸ್ಸು ಕೊಟ್ಟ ರೂಪದಲ್ಲೇ ಕಾಣುತ್ತದೆ ಎಂಬ ಜರ್ಮನ್ ತತ್ವಜ್ಞಾನಿಗಳ ವಾದವನ್ನು ಮೇಷ್ಟ್ರು ವಾರವಿಡೀ ಅರೆದು ಕುಡಿದಿದ್ದರು. ಮೂಗಿನ ಮೇಲೆ, ಕಣ್ಣಿನ ಆಪರೇಷನ್ ಆದಮೇಲೆ ಡಾಕ್ಟರು ಕೊಟ್ಟ ಹಸಿರು ಕನ್ನಡಕ.

ಪೇಂಟರ್ ಡಬ್ಬ ತೆರೆದು ಗೋಡೆಗೆ ಒಂದು ಪಟ್ಟೆ ಎಳೆದ.

"ಹಸಿರಾಯ್ತಲ್ಲಪ್ಪಾ. ಸ್ವಲ್ಪ ಕೆಂಪು ಸೇರಿಸು."

"ಚೀಟಿಗೆ ಸರಿಯಾಗೇ ಇದೆ ಸಾರ್, ನೋಡಿ."

"ಚೀಟಿಯೂ ಹಸಿರೇ. ಅಚ್ಚು ಹಾಕುವಾಗಲೇ ಕೆಡಿಸಿದಾರೆ."

"ಆ ಕನ್ನಡಕ ಒಂದ್ನಿಮಿಷ ತೆಗೀತೀರಾ?"

"ಭಾನುವಾರದವರೆಗೂ ತೆಗೀಬಾರದು ಅಂತ ಡಾಕ್ಟರ್ ಹೇಳಿದಾರೆ. ಅಲ್ಲದೆ, ಮನುಷ್ಯರೆಲ್ಲ ಒಂದು ಕನ್ನಡಕ ಹಾಕ್ಕೊಂಡೇ ಹುಟ್ಟೋದು. ನೀನೂ ಹಾಕಿದೀಯ."

ಪೇಂಟರ್ ತನ್ನ ಮೂಗು ಮುಟ್ಟಿ ನೋಡಿಕೊಂಡ. ಇಪ್ಪತ್ತು ವರ್ಷದಲ್ಲಿ ಇಂಥ ಗಿರಾಕಿ ಸಿಕ್ಕಿರಲಿಲ್ಲ. ಕೆಂಪು ಬೆರೆಸಿದ. ಮತ್ತೆ ಬೆರೆಸಿದ. ಐದನೆಯ ಸಲಕ್ಕೆ ಮೇಷ್ಟ್ರು ತಲೆದೂಗಿದರು. "ಇದಪ್ಪಾ ಕೆನೆ! ನಾಲ್ಕೂ ಗೋಡೆಗೆ ಹೊಡಿ."

"ಅಮ್ಮಾವ್ರು ಕೇಳಿದ್ರೆ ನಿಮ್ಮ ಹೆಸರೇ ಹೇಳ್ತೀನಿ ಸಾರ್."

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದ ಹೆಂಡತಿ, ಕೈಲಿದ್ದ ಚೀಲ ಇಳಿಸುವುದನ್ನೂ ಮರೆತು ನಿಂತಳು.

"ರೀ, ಇದು ಯಾವ ಬಣ್ಣ?"

"ಕೆನೆ."

"ಡಾಕ್ಟರ್ ಹೇಳಿದ ಗಡುವು ಇವತ್ತಿಗೆ ಮುಗೀತು, ಅಲ್ವಾ?" ಎಂದವಳೇ ಗಂಡನ ಮೂಗಿನ ಮೇಲಿಂದ ಕನ್ನಡಕ ಎತ್ತಿದಳು.

ಮೇಷ್ಟ್ರು ಕಣ್ಣು ಪಿಳಿಪಿಳಿ ಬಿಟ್ಟರು. ಹೆಚ್ಚಿದ ಕಲ್ಲಂಗಡಿಯ ಹೊಟ್ಟೆಯೊಳಗೆ ನಿಂತ ಹಾಗಿತ್ತು.

"ವಸ್ತು ನಿಜವಾಗಿ ಹೇಗಿದೆ ಅನ್ನೋದು ಯಾರಿಗೂ ತಿಳಿಯೋದಿಲ್ಲ ಕಣೇ..." ಎಂದರು, ಸಣ್ಣ ದನಿಯಲ್ಲಿ.

"ನಮ್ಮಕ್ಕನಿಗೆ ತಿಳಿಯುತ್ತೆ."

ಹೊರಗೆ ಕಾರು ನಿಂತ ಸದ್ದಾಯಿತು. ಹೆಂಡತಿ ಕನ್ನಡಕವನ್ನು ಚೆನ್ನಾಗಿ ಒರೆಸಿ ಮೇಷ್ಟ್ರ ಕೈಗಿಟ್ಟಳು.

"ಹೋಗಿ, ಬಾಗಿಲಲ್ಲಿ ನಿಂತ್ಕೊಳ್ಳಿ. ಒಳಗೆ ಕಾಲಿಡೋ ಮೊದಲು ಅಕ್ಕನಿಗೆ ಇದನ್ನ ಹಾಕಿ. ಹೊರಡೋವರೆಗೂ ತೆಗೀಬಾರದು ಅಂತ ನಿಮ್ಮ ಜರ್ಮನಿಯೋರು ಹೇಳಿದಾರೆ ಅನ್ನಿ."