ಅಜ್ಜ ಇಲ್ಲ

ಶಿಶುವಿಹಾರದ ದೊಡ್ಡ ಟೀಚರು ಆ ವಾರ ಹೊಸದೊಂದು ಕ್ರಮ ತಂದಿದ್ದರು. ಮಕ್ಕಳನ್ನು ಹಗಲು ಹೊತ್ತು ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಹೆಂಗಸರು, ಬೆಳಿಗ್ಗೆ ಮಗುವನ್ನು ಬಿಡಲು ಬಂದಾಗ ಹಿಂದಿನ ದಿನದ ಸಮಾಚಾರವನ್ನು ಬಾಗಿಲಲ್ಲೇ ಟೀಚರಿಗೆ ಹೇಳಿ ಹೋಗಬೇಕು. ಮಗು ಉಂಡಿತೇ, ಮಲಗಿತೇ, ಮನಸ್ಸಿಗೆ ಏನಾದರೂ ಹಚ್ಚಿಕೊಂಡಿದೆಯೇ, ಎಲ್ಲವನ್ನೂ. ಅಲ್ಲಿರುವುದೂ ಇಲ್ಲಿರುವುದೂ ಒಂದೇ ಮಗು, ಎರಡಲ್ಲ ಎಂಬುದು ಅವರ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ. ಮುಂದೆ ಆದದ್ದಕ್ಕೆಲ್ಲ ಅವರನ್ನು ದೂರುವುದು ನ್ಯಾಯವಲ್ಲ.

ಇಡೀ ಬೀದಿ ಚಿಕ್ಕಮ್ಮ ಎಂದು ಕರೆಯುತ್ತಿದ್ದ ಹೆಂಗಸಿನ ಮನೆಗೆ ಆಗ ಬರುತ್ತಿದ್ದದ್ದು ಒಂದೇ ಮಗು. ಮೊದಲಿದ್ದವರೆಲ್ಲ ದೊಡ್ಡ ಶಾಲೆ ಸೇರಿ, ದಾರಿಯಲ್ಲಿ ಕಂಡರೆ ಮಾತಾಡಿಸಲು ನಾಚುವಷ್ಟು ಬೆಳೆದಿದ್ದರು. ಉಳಿದವನು ಮೂರು ತುಂಬಿದ ಒಬ್ಬ ಹುಡುಗ. ತೀರ್ಪು ಓದಲು ಕೂತ ನ್ಯಾಯಾಧೀಶನ ಹಾಗೆ ಸದಾ ಹುಬ್ಬು ಗಂಟಿಕ್ಕಿಕೊಂಡಿರುತ್ತಿದ್ದುದರಿಂದ ಅವನಿಗೆ ಸಾಹೇಬ ಎಂದು ಹೆಸರು ಬಿದ್ದಿತ್ತು. ಅವನ ತಂದೆ ಹಡಗಿನ ಕೆಲಸದವನು, ಮನೆಗೆ ಅತಿಥಿಯ ಹಾಗೆ ಬಂದು ಹೋಗುವವನು. ತಾಯಿ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಕಿಟಕಿಯಲ್ಲಿ ಕೂರುತ್ತಿದ್ದಳು. ಬೆಳಿಗ್ಗೆ ಅವಳು ಸಾಹೇಬನನ್ನು ಚಿಕ್ಕಮ್ಮನ ಕೈಗಿತ್ತು ಓಡುವಳು. ಚಿಕ್ಕಮ್ಮ ಅವನನ್ನು ಶಿಶುವಿಹಾರಕ್ಕೆ ಬಿಟ್ಟು, ಮಧ್ಯಾಹ್ನ ಕರೆತಂದು, ಉಣಿಸಿ, ಮಲಗಿಸಿ, ಸಂಜೆ ತಾಯಿಗೆ ಒಪ್ಪಿಸುವಳು. ಇದೇ ಅವಳ ದುಡಿಮೆ. ಗಂಡ ಮಕ್ಕಳಿಲ್ಲದ ಅವಳಿಗೆ ಸಂಸಾರವೂ ಇದೇ.

ಆ ದಿನ ಬಾಗಿಲಲ್ಲಿ ನಿಂತಿದ್ದವರು ಹೊಸದಾಗಿ ಸೇರಿದ ಚಿಕ್ಕ ಟೀಚರು. ಬಹಳ ಮೆದು ಮನಸ್ಸಿನವರು. ಮಕ್ಕಳು ಚಿತ್ರದಲ್ಲಿ ಹಕ್ಕಿಗೆ ರೆಕ್ಕೆ ಬರೆಯುವುದನ್ನು ಮರೆತರೂ ಅವರಿಗೆ ಹಕ್ಕಿಯ ಮೇಲೆ ಕನಿಕರ ಬರುತ್ತಿತ್ತು.

"ನಿನ್ನೆ ಊಟ ಹೇಗೆ ಮಾಡಿದ ಚಿಕ್ಕಮ್ಮ?"

"ಊಟಾನೇ ಮಾಡಲಿಲ್ಲ ಟೀಚರ್. ತಟ್ಟೆ ದೂಡಿಬಿಟ್ಟ. ಅಜ್ಜ ಇಲ್ಲ, ಅಜ್ಜ ಇಲ್ಲ ಅಂತ ಒಂದೇ ಸಮ ಅತ್ತ. ಎತ್ತಿಕೊಂಡು ಎಷ್ಟು ತಿರುಗಿದರೂ ಅದೇ ಮಾತು."

ಟೀಚರ ಕೈ ತಾನಾಗಿಯೇ ಎದೆಗೆ ಹೋಯಿತು. "ಅಜ್ಜ ಇಲ್ಲವಾ?"

"ಇಲ್ಲ ಅಂತಾನೆ."

"ಯಾವಾಗಿಂದ?"

"ನಿನ್ನೆ ಮಧ್ಯಾಹ್ನದಿಂದ."

ಹೇಳಬೇಕಾದದ್ದನ್ನು ಹೇಳಿದ ಸಮಾಧಾನದಲ್ಲಿ ಚಿಕ್ಕಮ್ಮ ಮನೆಯ ದಾರಿ ಹಿಡಿದಳು. ನಡೆಯುತ್ತ ಅವಳಿಗೂ ಒಂದು ಸೋಜಿಗ ಕಾಡುತ್ತಿತ್ತು. ಸಾಹೇಬನ ಅಜ್ಜ, ಎಂದರೆ ತಾಯಿಯ ತಂದೆ, ಅದೇ ಪಟ್ಟಣದ ಇನ್ನೊಂದು ತುದಿಯಲ್ಲಿ ಮಗನ ಮನೆಯಲ್ಲಿದ್ದರು. ಮಗು ಅಂಬೆಗಾಲಿಡುವ ಹೊತ್ತಿಗೆ ಮಗಳು ಮತ್ತೆ ಕೆಲಸಕ್ಕೆ ಹೊರಟಾಗ, ಹೆತ್ತ ಮಗುವನ್ನು ಕಂಡವರ ಮನೆಯಲ್ಲಿ ಬಿಟ್ಟು ಹೋಗುವವಳ ಮುಖ ನೋಡುವುದಿಲ್ಲ ಎಂದು ಎದ್ದು ಹೋದವರು, ಇತ್ತ ಸುಳಿದಿರಲಿಲ್ಲ. ಆ ಕಂಡವರು ಎಂದರೆ ಚಿಕ್ಕಮ್ಮನೇ. ನೋಡಿದ ನೆನಪೂ ಇರಲಾರದ ಅಜ್ಜನಿಗಾಗಿ ಮಗು ಹೀಗೆ ಹಂಬಲಿಸುವುದೆಂದರೆ ರಕ್ತಸಂಬಂಧ ಎಂಥದು ಎಂದುಕೊಂಡು ಅವಳು ನಿಟ್ಟುಸಿರು ಬಿಟ್ಟಳು.

ಬಟ್ಟೆ ನೆನೆಸಿ ಇನ್ನೂ ಕೈ ಒರೆಸಿಕೊಂಡಿರಲಿಲ್ಲ, ಮೇಲಿನ ಮನೆಯಾಕೆ ಮೆಟ್ಟಿಲಿಳಿದು ಬಂದಳು. ಅವಳ ಮೊಮ್ಮಗಳೂ ಅದೇ ಶಿಶುವಿಹಾರದವಳು. ಅವಳನ್ನು ತಡವಾಗಿ ಬಿಟ್ಟು ಈಗ ತಾನೇ ಬಂದಿದ್ದಳು. ಬಂದವಳು ಕೂರದೆ ಗೋಡೆಗೆ ಒರಗಿ ನಿಂತಳು.

"ಸಾಹೇಬನ ಅಜ್ಜ ಹೋಗಿಬಿಟ್ಟರಂತಲ್ಲ ಚಿಕ್ಕಮ್ಮ."

"ಎಲ್ಲಿಗೆ?"

"ಎಲ್ಲಿಗೆ ಅಂದರೆ? ನಿಮಗೆ ಗೊತ್ತೇ ಇಲ್ಲವಾ? ನಿನ್ನೆ ಮಧ್ಯಾಹ್ನವಂತೆ. ಟೀಚರು ಕಣ್ಣೊರೆಸಿಕೊಳ್ತಾ ಇದ್ದರು."

ಚಿಕ್ಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ತನ್ನ ಮಾತೇ ಬೇರೆಯವರ ಬಟ್ಟೆ ತೊಟ್ಟು ಬಾಗಿಲಿಗೆ ಬಂದರೆ ಯಾರಿಗೆ ತಾನೇ ಗುರುತು ಸಿಗುತ್ತದೆ. ನಿನ್ನೆ ಮಧ್ಯಾಹ್ನ ಎಂದಾಗಲಂತೂ ಎಲ್ಲವೂ ತಾಳೆಯಾಯಿತು. ಅದೇ ಹೊತ್ತಿಗಲ್ಲವೇ ಮಗು ತಟ್ಟೆ ದೂಡಿದ್ದು. ದೊಡ್ಡವರಿಗೆ ಸುದ್ದಿ ಮುಟ್ಟುವ ಮೊದಲೇ ಆ ಎಳೆಯ ಜೀವಕ್ಕೆ ತಿಳಿದುಹೋಗಿದೆ.

"ಏನಾಗಿತ್ತಂತೆ?"

"ಎದೆನೋವು."

"ಟೀಚರು ಹೇಳಿದರಾ?"

"ಬಾಯಿಬಿಟ್ಟು ಹೇಳಲಿಲ್ಲ. ಹೀಗೆ ಎದೆ ಹಿಡಿದುಕೊಂಡು ತೋರಿಸಿದರು." ಮೇಲಿನ ಮನೆಯಾಕೆ ಹಿಡಿದು ತೋರಿಸಿದಳು. "ಇಷ್ಟು ದಿನ ಮಗು ಸಾಕಿದೀರಿ, ನಿಮಗೊಂದು ಮಾತು ಹೇಳಬಾರದಿತ್ತಾ ಅವನ ತಾಯಿ? ಹೋಗಲಿ, ದುಃಖದಲ್ಲಿ ಮರೆತಿರ್ತಾಳೆ. ನೀವೇ ಹೋಗಿ ಮಾತಾಡಿಸಿ ಬನ್ನಿ. ಹೋಗದಿದ್ದರೆ ಚೆನ್ನಾಗಿರಲ್ಲ."

ಹೋಗದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಚಿಕ್ಕಮ್ಮ ಸೀರೆ ಬದಲಿಸಿ ಹೊರಟೇಬಿಟ್ಟಳು.

ಸಾಹೇಬನ ಮನೆಗೆ ಬೀಗ ಹಾಕಿತ್ತು. ಎದುರಂಗಡಿಯವನನ್ನು ಕೇಳಿದರೆ, ಎಂದಿನ ಹಾಗೆ ಕೆಲಸಕ್ಕೆ ಹೋದರಲ್ಲ ಎಂದ. ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿನ ಕಿಟಕಿಯ ಮುಂದೆ ಸಾಲು ಬೆಳೆದಿತ್ತು. ಚಿಕ್ಕಮ್ಮ ಸಾಲಿನಲ್ಲಿ ನಿಂತಳು. ಅವಳ ಮುಂದಿದ್ದ ಮುದುಕ ಪೆಟ್ಟಿಗೆಗೆ ಸುತ್ತಿದ ಹಗ್ಗ ಸರಿಯಿಲ್ಲವೆಂದು ಸಾಹೇಬನ ತಾಯಿ ನಗುನಗುತ್ತ ತಾನೇ ಬಿಚ್ಚಿ ಕಟ್ಟಿಕೊಟ್ಟಳು. ತಂದೆಯನ್ನು ಕಳೆದುಕೊಂಡ ಮರುದಿನ ಹೀಗೆ ನಗಬೇಕಾದರೆ ಎಂಥ ಗಟ್ಟಿ ಎದೆಯಿರಬೇಕು ಎಂದುಕೊಂಡಳು ಚಿಕ್ಕಮ್ಮ.

"ಏನು ಚಿಕ್ಕಮ್ಮ, ಇಲ್ಲಿಗೆ ಬಂದಿರಿ? ಮಗು?"

"ಮಗು ಚೆನ್ನಾಗಿದಾನೆ. ನಿಮ್ಮ ತಂದೆ ವಿಷಯ ಗೊತ್ತಾಯ್ತು ತಾಯಿ. ಇಷ್ಟು ದುಃಖ ನುಂಗಿಕೊಂಡು ಹೇಗೆ ಕೂತಿದೀರಿ?"

"ನಮ್ಮ ತಂದೆಗೆ ಏನಾಯ್ತು?"

ಕೇಳಿದ ರೀತಿಯಲ್ಲೇ ಚಿಕ್ಕಮ್ಮನಿಗೆ ತಿಳಿಯಿತು, ಇವಳಿಗೆ ಗೊತ್ತಿಲ್ಲ. ಇಡೀ ಪಟ್ಟಣದಲ್ಲಿ ಆ ಮಾತನ್ನು ಇವಳಿಗೆ ಹೇಳುವ ಪಾಲು ತನಗೇ ಬಂದಿದೆ. ಓಡಿಹೋಗೋಣವೆಂದರೆ ಹಿಂದೆ ಸಾಲಿತ್ತು.

"ನಿನ್ನೆ ಮಧ್ಯಾಹ್ನವಂತೆ," ಎಂದಳು. "ಎದೆ..."

ಸಾಹೇಬನ ತಾಯಿಯ ಕೈಯಲ್ಲಿದ್ದ ಮೊಹರು ತಕ್ಕಡಿಯ ಮೇಲೆ ಬಿತ್ತು. ತಕ್ಕಡಿ ಅದನ್ನೂ ತೂಗಿ ತೋರಿಸಿತು. ಅವಳು ಫೋನು ತೆಗೆದು ಅಣ್ಣನಿಗೆ ಮಾಡಿದಳು. ಅಣ್ಣ ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಎತ್ತದಿದ್ದುದೇ ದೊಡ್ಡ ಸಾಕ್ಷಿಯಾಯಿತು.

"ನನಗೆ ಹೇಳಿಕಳಿಸಲೂ ಇಲ್ಲ," ಎಂದಳು ಅವಳು, ಮೆಲ್ಲಗೆ. "ಸಾಯೋವಾಗಲೂ ನನ್ನ ಮುಖ ಬೇಡ ಅಂದರೇನೋ ಅಪ್ಪ."

ಪೋಸ್ಟ್ ಮಾಸ್ಟರು ಒಳ್ಳೆಯವರು. ಕಿಟಕಿ ಮುಚ್ಚಿಸಿ, ಟಪಾಲು ವ್ಯಾನಿನಲ್ಲೇ ಇಬ್ಬರನ್ನೂ ಕಳಿಸಿಕೊಟ್ಟರು. ಕಾಗದದ ಚೀಲಗಳ ನಡುವೆ ಕೂತು, ಪ್ರತಿ ತಿರುವಿನಲ್ಲೂ ಒಬ್ಬರ ಮೇಲೊಬ್ಬರು ಬೀಳುತ್ತ, ಸಾಹೇಬನ ತಾಯಿ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದಳು: ನಾನೇ ಮೊದಲು ಹೋಗಿ ಮಾತಾಡಿಸಬೇಕಿತ್ತು.

ವ್ಯಾನು ನಿಂತಿತು. ಚಾಲಕ ಮೊದಲು ಇಳಿದು, ಗೌರವಕ್ಕಾಗಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮನೆಯ ಮುಂದಿನ ಮೆಟ್ಟಿಲ ಮೇಲೆ ಅಜ್ಜ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು.

ಒಂದು ಬೂಟು ಮುಗಿದಿತ್ತು. ಇನ್ನೊಂದರಲ್ಲಿ ಎಡಗೈ ತೂರಿಸಿಕೊಂಡು, ಬಲಗೈಯಲ್ಲಿ ಬ್ರಷ್ಷು ಹಿಡಿದು, ಅವರು ತಲೆಯೆತ್ತಿ ನೋಡಿದರು. ನುಣ್ಣಗೆ ಕ್ಷೌರವಾದ, ಯಾರಿಗೂ ಬಗ್ಗದ ಮುಖ.

"ಕೆಲಸದ ಹೊತ್ತಲ್ಲಿ ಇಲ್ಲೇನು ನಿನಗೆ?" ಎಂದರು ಮಗಳಿಗೆ.

ಮಗಳು ಹೋಗಿ ಅವರ ಕುತ್ತಿಗೆಗೆ ಕೈ ಹಾಕಿ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಎರಡು ಕೈಯೂ ತುಂಬಿದ್ದ ಮುದುಕರು ತಬ್ಬಿಕೊಳ್ಳಲೂ ಆಗದೆ, ತಳ್ಳಲೂ ಆಗದೆ, ಬೂಟನ್ನು ಮೇಲೆತ್ತಿ ಹಿಡಿದು ಕೂತರು. ಚಾಲಕ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. ಒಳಗೆ ಬಚ್ಚಲಲ್ಲಿದ್ದ ಅಣ್ಣ ಸೋಪಿನ ನೊರೆಯಲ್ಲೇ ಇಣುಕಿ, ಬಾಗಿಲು ಹಾಕಿಕೊಂಡ.

"ನಾನು ಸತ್ತೆ ಅಂತ ಯಾರು ಹೇಳಿದ್ದು?" ವಿಷಯವೆಲ್ಲ ಹೊರಬಿದ್ದ ಮೇಲೆ ಅಜ್ಜ ಕೇಳಿದರು.

ಎಲ್ಲರೂ ಚಿಕ್ಕಮ್ಮನ ಕಡೆ ನೋಡಿದರು.

"ಸತ್ತರು ಅಂತ ನಾನು ಹೇಳಿಲ್ಲ," ಎಂದಳು ಚಿಕ್ಕಮ್ಮ. "ಮಗು ನಿನ್ನೆ ಊಟ ಬಿಟ್ಟ. ಅಜ್ಜ ಇಲ್ಲ, ಅಜ್ಜ ಇಲ್ಲ ಅಂತ ಅತ್ತ. ಅದನ್ನ ಟೀಚರಿಗೆ ಹೇಳಿದೆ, ಅಷ್ಟೇ..." ಹೇಳುತ್ತ ಹೇಳುತ್ತ ಆ ಮಾತು ಎಲ್ಲಿಂದ ಹೊರಟು ಎಲ್ಲಿಗೆ ಬಂದಿದೆ ಎಂಬುದು ಅವಳಿಗೇ ಕಂಡಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬೈಗುಳಕ್ಕೆ ಸಿದ್ಧಳಾಗಿ ನಿಂತಳು. ಅಜ್ಜ ಬೈಯಲಿಲ್ಲ. ಬ್ರಷ್ಷು ಕೆಳಗಿಟ್ಟರು.

"ನನ್ನ ನೆನೆಸಿಕೊಂಡು ಅತ್ತನಾ?"

"ಹೂಂ."

"ಊಟ ಬಿಟ್ಟನಾ?"

"ಒಂದು ತುತ್ತೂ ಮುಟ್ಟಲಿಲ್ಲ."

ಅವರು ಬೂಟು ಮೆಟ್ಟಿಕೊಂಡು ಎದ್ದರು. ಒಂದು ಫಳಫಳ ಹೊಳೆಯುತ್ತಿತ್ತು, ಇನ್ನೊಂದು ಧೂಳು ಹಿಡಿದಿತ್ತು. "ನಡೀರಿ," ಎಂದರು. "ಎಲ್ಲಿದೆ ಆ ಶಿಶುವಿಹಾರ?"

ಶಿಶುವಿಹಾರ ಎಂದೂ ಇಲ್ಲದಷ್ಟು ಶಾಂತವಾಗಿತ್ತು. ಮಕ್ಕಳನ್ನು ಸಾಲಾಗಿ ಚಾಪೆಯ ಮೇಲೆ ಕೂರಿಸಿ ಕೈ ಕಟ್ಟಿಸಿದ್ದರು. ನಡುವೆ ಸಾಹೇಬ, ಎಂದಿನ ಗಂಟುಮುಖದಲ್ಲಿ. ದೊಡ್ಡ ಟೀಚರು ಮೆಲುದನಿಯಲ್ಲಿ ಹೇಳುತ್ತಿದ್ದರು: ನಮ್ಮ ಗೆಳೆಯನ ಅಜ್ಜ ಈಗ ನಮ್ಮ ಜೊತೆ ಇಲ್ಲ, ಅವರು ಮೊಮ್ಮಗನನ್ನು ಹೆಗಲಿಂದ ಇಳಿಸುತ್ತಿರಲಿಲ್ಲ, ದಿನವೂ ಕತೆ ಹೇಳುತ್ತಿದ್ದರು, ಕೈ ಹಿಡಿದು ನಡೆಸುತ್ತಿದ್ದರು. ಅವರು ಆ ಅಜ್ಜನನ್ನು ಕಂಡವರಲ್ಲ. ಎಲ್ಲ ಅಜ್ಜಂದಿರೂ ಹಾಗೇ ಇರುತ್ತಾರೆಂದು ನಂಬಿದ್ದರು.

ಚಿಕ್ಕಮ್ಮ ಒಳಗೆ ನುಗ್ಗಿ ನಿಲ್ಲಿಸಲು ಹೊರಟಳು. ಬಾಗಿಲಲ್ಲಿ ನಿಂತಿದ್ದ ಅಜ್ಜ ಅವಳನ್ನು ತಡೆದರು.

"ಮುಗಿಸಲಿ," ಎಂದರು. ಕೊನೆಯವರೆಗೂ ಕೇಳಿದರು. ಆಮೇಲೆ ಯಾರಿಗೋ ಅಲ್ಲ, ತಮಗೇ ಎಂಬಂತೆ, "ಅದರಲ್ಲಿ ಒಂದೂ ನಾನು ಮಾಡಿಲ್ಲ," ಎಂದರು.

ಅಷ್ಟರಲ್ಲಿ ಚಿಕ್ಕ ಟೀಚರು ತಿರುಗಿ, ಸಾಹೇಬನ ತಾಯಿಯ ಪಕ್ಕದಲ್ಲಿ ನಿಂತವರು ಯಾರೆಂದು ಕೇಳಿ, ಉತ್ತರ ಬಂದ ಮೇಲೆ ಗೋಡೆ ಹಿಡಿದುಕೊಂಡರು. ದೊಡ್ಡ ಟೀಚರು ತಮ್ಮ ಮೂವತ್ತು ವರ್ಷದ ಸೇವೆಯಲ್ಲಿ ಮೊದಲ ಬಾರಿಗೆ ಮಾತು ಮರೆತರು. ಅಜ್ಜ ಯಾರನ್ನೂ ನೋಡಲಿಲ್ಲ. ನೇರವಾಗಿ ಹೋಗಿ, ಕೀಲು ಲಟಲಟ ಎನ್ನುತ್ತಿದ್ದ ಮಂಡಿಯೂರಿ ಸಾಹೇಬನ ಮುಂದೆ ಕೂತರು.

"ನಾನು ಕಣೋ ಅಜ್ಜ. ಬಂದಿದೀನಿ ನೋಡು."

ಸಾಹೇಬ ನೋಡಿದ. ಕೈಚಾಚಿ ಅವರ ಗದ್ದ ಸವರಿದ. ಮತ್ತೊಮ್ಮೆ ಸವರಿದ. ತಲೆ ಅಲ್ಲಾಡಿಸಿ, ಎದ್ದು ಓಡಿಬಂದು ಚಿಕ್ಕಮ್ಮನ ಸೆರಗು ಜಗ್ಗಿದ. ಅವಳು ಬಗ್ಗಿದಳು. ಅವನು ಅವಳ ಕಿವಿಯಲ್ಲಿ, ಇನ್ಯಾರಿಗೂ ಕೇಳದ ಹಾಗೆ ಹೇಳಿದ:

"ಇವರಲ್ಲ. ಅಜ್ಜಂಗೆ ಗಡ್ಡ ಇತ್ತು. ಬುಟ್ಟೀಲಿದ್ದ. ನೀನು ಸಿಪ್ಪೆ ತೆಗೆದೆ."

ಚಿಕ್ಕಮ್ಮ ಬಗ್ಗಿದವಳು ಹಾಗೇ ನಿಂತಳು. ತರಕಾರಿ ಬುಟ್ಟಿಯ ತಳದಲ್ಲಿ ಉಳಿದಿದ್ದ ಒಂದು ಹಳೆಯ ಆಲೂಗಡ್ಡೆ. ಮೈಯೆಲ್ಲ ಸುಕ್ಕು, ಕಣ್ಣಿನ ಹಾಗೆ ಎರಡು ಗುಳಿ, ಅದರ ಕೆಳಗೆ ಗದ್ದದುದ್ದಕ್ಕೂ ಬೆಳ್ಳಗೆ ಇಳಿದ ಮೊಳಕೆ. ಹುಡುಗ ಅದನ್ನು ಎತ್ತಿಕೊಂಡು ಮನೆಯೆಲ್ಲ ತಿರುಗುತ್ತಿದ್ದ, ಅದರ ಜೊತೆ ಪಿಸಿಪಿಸಿ ಮಾತಾಡುತ್ತಿದ್ದ. ನಿನ್ನೆ ಪಲ್ಯಕ್ಕೆ ಸಾಲದೆಂದು ಅವಳೇ ಆ ಗಡ್ಡ ಕಿತ್ತು, ಸಿಪ್ಪೆ ಹೆರೆದು, ಹೆಚ್ಚಿ ಬೇಯಿಸಿದ್ದಳು. ಬೇಯಿಸಿ ಅವನ ತಟ್ಟೆಗೇ ಬಡಿಸಿದ್ದಳು.

"ಏನಂದ?" ಅಜ್ಜ ಮಂಡಿಯೂರಿದಲ್ಲಿಂದಲೇ ಕೇಳಿದರು.

ಎಲ್ಲರ ಕಣ್ಣೂ ಅವಳ ಮೇಲಿತ್ತು. ಅದರಲ್ಲೂ, ಮಗುವಿನ ವಿಷಯ ಏನಿದ್ದರೂ ಮುಚ್ಚಿಡದೆ ಹೇಳಬೇಕೆಂದಿದ್ದ ದೊಡ್ಡ ಟೀಚರ ಕಣ್ಣು.

"ನೀವು ತುಂಬಾ ಇಳಿದುಹೋಗಿದೀರಂತೆ," ಎಂದಳು ಚಿಕ್ಕಮ್ಮ. "ಗುರುತು ಸಿಗಲಿಲ್ಲವಂತೆ."

ಮುದುಕರು ಕೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ಅವರು ಮೂಗೊರೆಸಿಕೊಂಡು ಎದ್ದು, ಮಗಳ ಕಡೆ ತಿರುಗಿದರು.

"ಇವತ್ತೇ ನಿನ್ನ ಮನೆಗೆ ಬರ್ತೀನಿ. ಇನ್ನು ಮೇಲೆ ಇವನನ್ನ ನಾನೇ ನೋಡಿಕೊಳ್ತೀನಿ. ನಾನು ಜೀವಂತ ಇರೋವಾಗ ಮಗು ಬೇರೆಯವರ ಮನೇಲಿ ಯಾಕೆ ಬೆಳೀಬೇಕು?"

ಮಗಳ ಮುಖ ಅರಳಿತು. ಅರಳಿದ ಮುಖ ಚಿಕ್ಕಮ್ಮನ ಕಡೆ ತಿರುಗಿ ಅರ್ಧಕ್ಕೆ ನಿಂತಿತು. ಹತ್ತಿರ ಬಂದು ಅವಳ ಕೈ ಹಿಡಿದುಕೊಂಡಳು. "ಅಪ್ಪ ನನಗೆ ಸಿಕ್ಕಿದ್ದೇ ನಿಮ್ಮಿಂದ ಚಿಕ್ಕಮ್ಮ. ಏನು ಹೇಳಲಿ ಗೊತ್ತಾಗ್ತಿಲ್ಲ."

ಚಿಕ್ಕಮ್ಮನಿಗೆ ಏನು ಹೇಳಬೇಕೆಂದು ಗೊತ್ತಿತ್ತು. ಆಲೂಗಡ್ಡೆ ಎಂಬ ಒಂದೇ ಮಾತು ಸಾಕಿತ್ತು; ಮುದುಕರು ಬಂದ ದಾರಿಯಲ್ಲೇ ತಿರುಗಿ ಹೋಗುತ್ತಿದ್ದರು, ಸಾಹೇಬ ನಾಳೆಯೂ ಅವಳ ಮನೆಯಲ್ಲಿ ಮಲಗುತ್ತಿದ್ದ. ಅವಳು ಬಾಯಿ ತೆರೆದಳು. ತಂದೆ ಮಗಳು ಅಕ್ಕಪಕ್ಕ ನಿಂತಿದ್ದುದನ್ನು ನೋಡಿ ಮುಚ್ಚಿದಳು.

"ಹಾಗಿದ್ದರೆ ಮಗುವಿನ ವಿಷಯ ಎಲ್ಲ ಅವರಿಗೆ ಹೇಳಿಕೊಟ್ಟುಬಿಡಿ," ಎಂದರು ದೊಡ್ಡ ಟೀಚರು, ಮಾತು ಮರಳಿ ಬಂದ ಸಮಾಧಾನದಲ್ಲಿ.

ಚಿಕ್ಕಮ್ಮ ಗೇಟಿನ ಬಳಿ ನಿಂತು ಹೇಳಿಕೊಟ್ಟಳು. ಮಲಗುವಾಗ ಬೆನ್ನು ತಟ್ಟಬಾರದು, ಕಿವಿ ಸವರಬೇಕು. ಹಾಲು ಆರಿದ ಮೇಲೆ ಕೆನೆ ತೆಗೆಯದಿದ್ದರೆ ಮುಟ್ಟುವುದಿಲ್ಲ. ಕುಕ್ಕರಿನ ಸೀಟಿಗೆ ಹೆದರುತ್ತಾನೆ, ಹೆದರಿದ್ದನ್ನು ನೋಡಿ ನಗಬಾರದು. ಅಜ್ಜ ಪಾಠ ಒಪ್ಪಿಸಬೇಕಾದ ವಿದ್ಯಾರ್ಥಿಯ ಹಾಗೆ ತುಟಿಯಲ್ಲೇ ಒಂದೊಂದನ್ನೂ ಹೇಳಿಕೊಂಡರು.

"ಊಟದಲ್ಲಿ?"

"ಎಲ್ಲಾ ತಿಂತಾನೆ. ಆಲೂಗಡ್ಡೆ ಮಾತ್ರ ಸದ್ಯಕ್ಕೆ ಬೇಡ. ಅವನಿಗೆ ಆಗಲ್ಲ."

"ನನಗೂ ಆಗಲ್ಲ," ಎಂದರು ಅಜ್ಜ, ಹೆಮ್ಮೆಯಿಂದ. "ನೋಡಿದಿರಾ, ನನ್ನ ಹಾಗೇ."

ಮೂವರೂ ಹೊರಟರು. ಸಾಹೇಬ ನಡುವೆ ನಡೆಯುತ್ತ, ಕತ್ತೆತ್ತಿ ಮುದುಕರ ಗದ್ದವನ್ನೇ ಪರೀಕ್ಷೆ ಮಾಡುತ್ತಿದ್ದ.

"ನಿಂಗೆ ಗಡ್ಡ ಬರಲ್ವಾ?"

ಒಂದು ದಿನವೂ ತಪ್ಪದೆ ಕ್ಷೌರ ಮಾಡಿಕೊಂಡು ಬಂದಿದ್ದ ಮನುಷ್ಯ ನಿಂತು ಯೋಚಿಸಿದರು. "ಬಿಟ್ಟರೆ ಬರುತ್ತಪ್ಪ. ಬಿಡಲಾ?"

ಸಾಹೇಬ ಗಂಭೀರವಾಗಿ ಹೂಂಗುಟ್ಟಿ, ಅವರ ಬೆರಳು ಹಿಡಿದುಕೊಂಡ. ಚಿಕ್ಕಮ್ಮನೂ ಅಭ್ಯಾಸಬಲದಿಂದ ಅವರ ಹಿಂದೆ ನಾಲ್ಕು ಹೆಜ್ಜೆ ಹೋದಳು. ಆಮೇಲೆ ತನ್ನ ಮನೆ ಆ ಕಡೆ ಅಲ್ಲ ಎಂಬುದು ನೆನಪಾಗಿ ನಿಂತಳು.