ನಮ್ಮ ತಾರಸಿ ಮೇಲೆ ಬಂದ ಡಕೋಟಾ

ನಾನು ಸುಳ್ಳು ಹೇಳುವವನಲ್ಲ. ನಿಜವನ್ನೇ ಸ್ವಲ್ಪ ಎಳೆದು ಅಗಲ ಮಾಡುತ್ತೇನೆ, ಅಷ್ಟೇ. ಅಮ್ಮ ಚಪಾತಿ ಲಟ್ಟಿಸುವುದಿಲ್ಲವೇ, ಹಾಗೆ.

ನಮ್ಮ ತಾತ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಯುದ್ಧದಲ್ಲಿ ಅವರು ರೆಡಿ ಮಾಡಿ ಕಳಿಸಿದ ಒಂದು ಡಕೋಟಾ ವಿಮಾನ ವಾಪಸು ಬರಲಿಲ್ಲ. ಪೈಲಟ್ ಸಾಹೇಬರು ಹೊರಟಾಗ ತಾತನ ಕೈತುಂಬ ಗ್ರೀಸು. ಒರೆಸಿಕೊಳ್ಳುವಷ್ಟರಲ್ಲಿ ವಿಮಾನ ಹಾರಿಹೋಗಿತ್ತಂತೆ. ಮಡಿದ ವಾಯುಯೋಧರ ನೆನಪಿಗೆ ಡಕೋಟಾ ಸೇರಿ ಹಳೆಯ ವಿಮಾನಗಳು ಭಾನುವಾರ ನಮ್ಮ ಪಕ್ಕದ ಜಾಲಹಳ್ಳಿ ಮೇಲೆ ಹಾರುತ್ತವೆಂದು ಗೊತ್ತಾದಾಗಿನಿಂದ ತಾತ ಟೋಪಿ ಒರೆಸುತ್ತಲೇ ಇದ್ದರು. "ಒಂದ್ ಸೆಲ್ಯೂಟ್ ಉಳ್ಕೊಂಡಿದೆ ಕಣೋ" ಎಂದರು.

ನಾನು ಸುಮ್ಮನಿರಬಹುದಿತ್ತು. ಲಗ್ಗೆರೆಯ ನಮ್ಮ ಬೀದಿಗೆಲ್ಲ, "ಪೈಲಟ್‌ಗೆ ಹೇಳಿಸಿದೀನಿ. ನಮ್ ತಾರಸಿ ಮೇಲೆ ಬಂದು ತಾತಂಗೆ ರೆಕ್ಕೆ ಬಗ್ಗಿಸಿ ನಮಸ್ಕಾರ ಮಾಡ್ತಾರೆ" ಎಂದು ಸಾರಿಬಿಟ್ಟೆ.

ಭಾನುವಾರ ಬೆಳಿಗ್ಗೆ ತಾರಸಿ ತುಂಬಿಹೋಯಿತು. ಫ್ಯಾಕ್ಟರಿಗೆ ಹೋಗುವ ನಮ್ಮ ಬೀದಿಯವರಿಗೆ ಗಾಲಿಯಿರುವ ಯಾವುದನ್ನು ಕಂಡರೂ ಆಯುಧಪೂಜೆ ಮಾಡದಿದ್ದರೆ ಸಮಾಧಾನವಿಲ್ಲ. ಪಕ್ಕದ ಮನೆಯ ಸರೋಜಾ ಆಂಟಿ ಆರತಿ ತಟ್ಟೆ, ಬೂದುಗುಂಬಳಕಾಯಿ ಸಮೇತ ಹಾಜರು. ಮೇಲಿನ ರೂಮಿನಲ್ಲಿ ಬಾಡಿಗೆಗಿರುವ ರಾಯಚೂರಿನ ಬಸಣ್ಣನಿಗೆ ಬೇರೆಯದೇ ಚಿಂತೆ: "ಗಾಲಿ ಕೆಳಗ ಲಿಂಬಿಹಣ್ಣು ಹ್ಯಾಂಗ ಇಡೋದು ತಮ್ಮಾ?"

ಅಷ್ಟರಲ್ಲಿ ಸದ್ದು! ಆಂಟಿ ಇದ್ದಬದ್ದ ಕರ್ಪೂರವೆಲ್ಲ ಹಚ್ಚಿದರು, ಬಸಣ್ಣ ಕುಂಬಳಕಾಯಿ ಒಡೆದ. ಬಂದದ್ದು ಮಾಮೂಲಿ ಪ್ರಯಾಣಿಕರ ವಿಮಾನ.

"ಅಯ್ಯೋ, ದುಬೈಗೆ ಹೋಗೋರ್ಗೆ ದೃಷ್ಟಿ ತೆಗೆದ್ಬಿಟ್ನಲ್ಲೋ!" ಎಂದರು ಆಂಟಿ.

ಆಮೇಲೆ ಆಕಾಶದಲ್ಲಿ ಹದ್ದು ಬಿಟ್ಟರೆ ಏನೂ ಇಲ್ಲ. "ಏನ್ ಮಗಾ, ನಿನ್ ಪೈಲಟ್ ಗೊರಗುಂಟೆಪಾಳ್ಯ ಸಿಗ್ನಲ್ಲಲ್ಲಿ ಸಿಕ್ಕಾಕ್ಕೊಂಡ್ನಾ?" ಎಂದು ಗೆಳೆಯ ಮಂಜ ಹಲ್ಲು ಕಿಸಿದ. ನನ್ನ ಮರ್ಯಾದೆ ಹೋದರೆ ಹೋಗಲಿ, ಅದಕ್ಕೆ ಅಭ್ಯಾಸವಿದೆ. ತಾತನ ಮುಖ ನೋಡಲು ಮಾತ್ರ ಧೈರ್ಯವಾಗಲಿಲ್ಲ.

ಮೊದಲು ತಲೆಯೆತ್ತಿದವರು ತಾತನೇ. ದೂರದಿಂದ ಹಿಟ್ಟಿನ ಗಿರಣಿಯಂತೆ ಗುರುಗುಟ್ಟುತ್ತ, ಎರಡು ಫ್ಯಾನು ತಿರುಗಿಸಿಕೊಂಡು, ಹೊಟ್ಟೆ ದಪ್ಪದ ಡಕೋಟಾ ಬಂತು. ಸರಿಯಾಗಿ ನಮ್ಮ ನೀರಿನ ಟ್ಯಾಂಕಿನ ನೇರಕ್ಕೆ ಬಂದು ಒಂದು ರೆಕ್ಕೆ ಬಗ್ಗಿಸಿತು! ಬೀದಿಯೇ ಕಿರುಚಿಕೊಂಡಿತು. ಹಣೆಗೆ ಹೋದ ತಾತನ ಕೈ, ವಿಮಾನ ಚುಕ್ಕಿಯಾಗುವವರೆಗೂ ಇಳಿಯಲಿಲ್ಲ.

"ಕೈ ತೊಳ್ಕೊಂಡೇ ಬಂದಿದೀನಿ ಸಾಹೇಬ್ರೇ" ಎಂದರು ಮೆಲ್ಲಗೆ. ಆಮೇಲೆ ನನ್ನ ಕಿವಿ ಹಿಂಡಿ, "ಅದು ಬಗ್ಗಿದ್ದು ತಿರುಗೋದಕ್ಕೆ ಕಣೋ. ಯಾರ್ಗೂ ಹೇಳ್ಬೇಡ" ಎಂದರು.

ಹೇಳಿಲ್ಲ. ಅದಕ್ಕೇ ಈಗ ಸರೋಜಾ ಆಂಟಿ ಬೆನ್ನುಬಿದ್ದಿದ್ದಾರೆ: "ನಮ್ ಹುಡ್ಗಿ ಮದ್ವೆಗೂ ಆ ಪೈಲಟ್‌ಗೆ ಒಂದ್ ಮಾತ್ ಹೇಳಪ್ಪ, ಮೇಲಿಂದಾನೇ ಅಕ್ಷತೆ ಹಾಕ್ಲಿ."

"ಅವ್ರು ಸ್ವಲ್ಪ ಬಿಜಿ ಆಂಟಿ, ಕೇಳಿ ನೋಡ್ತೀನಿ" ಎಂದಿದ್ದೇನೆ.