ಹಗಲು ಕಂದೀಲು

ಸೂಗಪ್ಪ ಇಲಿಯ ಬಿಲ ಮುಚ್ಚುತ್ತಿದ್ದ. ಮಸ್ಕಿ ಪೇಟೆಯಲ್ಲಿದ್ದ ಅವನ ಬಟ್ಟೆ ಅಂಗಡಿಯ ಹಿಂಮೂಲೆಯಲ್ಲಿ ಹಗಲಲ್ಲೂ ಕತ್ತಲೆ. ಕಂದೀಲು ಹಚ್ಚಿಕೊಂಡು, ಗಾಜಿನ ಚೂರು ತುರುಕಿ, ಮೇಲೆ ಕೆಸರು ಮೆತ್ತಿದ. ಉರಿಯುವ ಕಂದೀಲನ್ನು ಗಾದಿಯ ಪಕ್ಕದಲ್ಲಿಟ್ಟು ಕೈ ತೊಳೆಯಲು ಬಾವಿಗೆ ಹೋದ.

ಅಷ್ಟೇ ಸಾಕಾಯಿತು. ದಿವಾಳಿಯೆದ್ದು ಕೈಯೆತ್ತಿದ ವ್ಯಾಪಾರಿ ಹಾಡಹಗಲೇ ಅಂಗಡಿಯಲ್ಲಿ ದೀಪ ಹಚ್ಚಿಡುವುದು ಆ ಪೇಟೆಯ ಹಳೆಯ ರೂಢಿ. ದೀಪ ಕಂಡ ಮೇಲೆ ಅವನನ್ನು ಯಾರೂ ರೊಕ್ಕ ಕೇಳುವಂತಿಲ್ಲ. ಉಳಿದ ಮಾಲು ಹಂಚಿಕೊಂಡು ಹೋಗಬೇಕು.

ಸೂಗಪ್ಪ ಬರುವಷ್ಟರಲ್ಲಿ ಬಣ್ಣ ಹಾಕಿದ ಕೂಲಿ ಬರಬೇಕಿದ್ದ ಮೌಲಾಹುಸೇನ ಬಟ್ಟೆಯ ಥಾನುಗಳನ್ನು ಹೆಗಲಿಗೇರಿಸಿದ್ದ. ಮಗಳ ಮದುವೆಯ ಗಂಟನ್ನು ಸೂಗಪ್ಪನಲ್ಲಿಟ್ಟಿದ್ದ ಬಳೆಗಾರ್ತಿ ಚಾಂದ್‌ಬೀ, ಗಾದಿಯ ಒರಗುವ ಲೋಡನ್ನು ಕದ್ದ ಕೋಳಿಯಂತೆ ಕಂಕುಳಲ್ಲಿ ಅವುಚಿಕೊಂಡಿದ್ದಳು.

"ಏಯ್, ಯಾರಪ್ಪನ ಮಾಲಂತ ಎತ್ತಾಕತ್ತೀರಿ?"

"ನೀ ಮುಳುಗೀದಿ ಅಂತ ದೀಪಾನ ಹೇಳಾಕತ್ತೈತಿ," ಎಂದಳು ಚಾಂದ್‌ಬೀ.

"ಇಲಿ ಸಲುವಾಗಿ ಹಚ್ಚಿದ್ದೆ ಬೇ!"

"ಇಲಿಗೂ ಕೊಡೋದೈತೇನು?" ಎಂದ ಮೌಲಾಹುಸೇನ.

ಜನ ನಕ್ಕರು. ಸೂಗಪ್ಪನ ಮೋರೆ ಹಂಚಿನ ಮೇಲಿನ ಮೆಣಸಿನಕಾಯಾಯಿತು. ಈ ಸುದ್ದಿ ಸಿಂಧನೂರಿಗೆ ಮುಟ್ಟಿದರೆ ಅಲ್ಲಿಯ ಸಾಹುಕಾರರು ಒಂದು ಮೊಳ ಬಟ್ಟೆಯನ್ನೂ ಕಳಿಸರು.

ಲಿಂಗಸುಗೂರಿನ ಕೋರ್ಟಿಗೆಂದು ಬಸ್ಸಿಗೆ ಹೊರಟಿದ್ದ ವಕೀಲ ಅಮರಗುಂಡಪ್ಪ ಅಲ್ಲೇ ನಿಂತರು. ನಿಜಾಮಶಾಹಿ ಹೋದ ಮೇಲೆ ಅವರ ಬಾಯಲ್ಲಿ ಉರ್ದುವಿನ ಜಾಗಕ್ಕೆ ಇಂಗ್ಲಿಷ್ ಬಂದು ಕೂತಿತ್ತು.

"ಈ ದಿವಾಳಿಗೆ ಇನ್ಸಾಲ್ವೆನ್ಸಿ ಅಂತಾರ. ಕೈಯಾಗ ರೊಕ್ಕ ಇಲ್ಲಂದ್ರ ಸಾಕು, ಮಂದಿ ಇನ್ಸಾಲ್ವೆಂಟು ಅಂದುಬಿಡ್ತಾರ. ಕಾಯ್ದೇಕ ಅಷ್ಟು ಸಾಲಂಗಿಲ್ಲ. ಅರ್ಜಿ ಬೀಳಬೇಕು, ವಿಚಾರಣೆ ಆಗಬೇಕು, ಜಡ್ಜ್‌ಸಾಹೇಬ್ರು ಹುಕುಂ ಮಾಡಬೇಕು. ದೀಪಕ್ಕ ಕೋರ್ಟಿನ್ಯಾಗ ಕಿಮ್ಮತ್ತಿಲ್ಲ."

ತನ್ನ ಪರವಾದ ಮಾತೆಂಬುದೂ ಸೂಗಪ್ಪನ ಸಿಟ್ಟಿಗೆ ತಿಳಿಯಲಿಲ್ಲ.

"ನಿಮ್ಮ ಕಾಯ್ದೆ ಲಿಂಗಸುಗೂರಾಗ ಇಟ್ಕೋರಿ! ನನ್ನ ಯೋಗ್ಯತಿ ಜಡ್ಜ್ ಹೇಳಬೇಕೇನು? ಈ ಪ್ಯಾಟಿಗೆ ದೀಪಾನ ಕಾಯ್ದೆ! ದೀಪ ಹಚ್ಚಿದಾಂವನ್ನ ಯಾವ ಮಗಾನೂ ಕೇಳಬಾರ್ದು. ನಾ ಆರಿಸೀನಿ ನೋಡ್ರಿ. ಈಗ ಕೇಳ್ರಿ!"

ಕಂದೀಲಿನ ಗಾಜೆತ್ತಿ ಫೂ ಎಂದು ಊದಿದ. ಅವನ ಮಾತು ಓಣಿಯ ಕೊನೆಯ ಮನೆಗೂ ಕೇಳಿಸಿತ್ತು.

"ಹಂಗಂತೀರೇನು? ಸೈ," ಎಂದು ವಕೀಲರು ಬಸ್ಸನ್ನೂ ಮರೆತು ಮನೆಯ ಕಡೆ ತಿರುಗಿದರು.

ಸೂಗಪ್ಪ ಪೆಟ್ಟಿಗೆ ತೆರೆದು ಒಬ್ಬೊಬ್ಬರ ಮುಖಕ್ಕೂ ರೊಕ್ಕ ಎಸೆದ. ಚಾಂದ್‌ಬೀ ಒಂದು ನಾಣ್ಯವನ್ನು ಕಚ್ಚಿ ನೋಡಿ, ಲೋಡನ್ನು ಇದ್ದಲ್ಲೇ ಇಟ್ಟಳು. "ಸೂಗಪ್ಪಣ್ಣ ಗಟ್ಟಿ ಕುಳ ಬಿಡ್ರಿ," ಎನ್ನುತ್ತ ಎಲ್ಲರೂ ಚದುರಿದರು. ಹೆಸರು ಉಳಿಯಿತು. ಪೆಟ್ಟಿಗೆಯ ತಳ ಕಂಡಿತು.

ನಾಳೆ ಸಿಂಧನೂರಿನ ಸಾಹುಕಾರನಿಗೆ ಕೊಡಬೇಕು. ಸಾಲವಾಗಿ, ಉದ್ರಿ ಬಟ್ಟೆ ಒಯ್ದವರನ್ನು ಹಿಡಿಯಲು ಸೂಗಪ್ಪ ಬುಸುಗುಡುತ್ತ ಓಣಿಗೆ ನುಗ್ಗಿದ.

ಮೊದಲ ಮನೆಯ ಕಟ್ಟೆಯ ಮೇಲೆ, ಸುಡುಬಿಸಿಲಲ್ಲಿ, ಹಣತೆ ಉರಿಯುತ್ತಿತ್ತು. ಎದುರು ಮನೆಯಲ್ಲಿ ಚಿಮಣಿ ದೀಪ. ಎಣ್ಣೆ ಇಲ್ಲದವರು ಸಗಣಿಯ ಕುಳ್ಳು ಹೊತ್ತಿಸಿಟ್ಟಿದ್ದರು.

"ಎಲಾ ಕಳ್ಳರಾ! ಕೋರ್ಟಿಗೆ ಎಳೀತೀನಿ!" ಎಂದು ಸೂಗಪ್ಪ ವಕೀಲರ ಮನೆಗೆ ಓಡಿದ. ಅವರ ಕರಿ ಕೋಟಿನ ಬಟ್ಟೆಯೂ ಅವನ ಅಂಗಡಿಯದೇ, ಉದ್ರಿಯದೇ.

ಕಟ್ಟೆಯ ಮೇಲೆ ಗ್ಯಾಸಬತ್ತಿ ಭುಸ್ ಎಂದು ಉರಿಯುತ್ತಿತ್ತು. ಅರೆ ತೆರೆದ ಬಾಗಿಲ ಹಿಂದೆ ಕರಿ ಕೋಟಿನ ತೋಳು ಕಾಣಿಸಿ ಮರೆಯಾಯಿತು.

"ವಕೀಲರೇ, ಅದನ್ನ ಆರಿಸ್ರಿ."